ಎರಡರಲ್ಲಿ ಒಂದು ಎಂದಿದ್ದೆ

ಭಾನುವಾರ, ಮಾರ್ಚ್ ೯
ಬೆಳಿಗ್ಗೆ, ಅಡುಗೆಮನೆಯ ಮೇಜಿನಿಂದ

ಪ್ರೀತಿಯ ಗುಬ್ಬಿ,

ಹಾಲಿನ ಪುಡಿಯ ಡಬ್ಬ ಕೊಳ್ಳಬೇಡ. ಕ್ಷೇಮ ಸಮಾಚಾರಕ್ಕೂ ಮುಂಚೆ ಇದನ್ನೇ ಬರೆಯುತ್ತಿದ್ದೇನೆ. ನೀನು ಮೊದಲ ಸಾಲು ಓದುವಷ್ಟರಲ್ಲಿ ನಿನ್ನ ಮಗಳು ಗುಂಡಮ್ಮ ಬಂದು ಕಾಗದ ಕಿತ್ತುಕೊಂಡು ಓಡಿದರೂ ಇಷ್ಟು ಮಾತ್ರ ನಿನ್ನ ತಲೆಯಲ್ಲಿ ಉಳಿದಿರಲಿ.

‘ಯಾವ ಡಬ್ಬ ಒಳ್ಳೇದು ಬರಿ ಅಕ್ಕ. ಈ ಸಲ ಹುಟ್ಟಿದ ದಿನದಿಂದಲೇ ಪುಡಿ ಹಾಲು. ಹೋದ ಸಲದ ಹಾಗೆ ನಿನ್ನ ಮಾತು ಮೀರಲ್ಲ’ ಎಂದು ಬರೆದಿದ್ದೀಯ. ಗುರುವಾರದಿಂದ ಈ ಮೂರು ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ನೀನು ಮೀರಿದ ಆ ಮಾತೇ ತಪ್ಪಾಗಿತ್ತು, ಗುಬ್ಬಿ. ತಪ್ಪೆಂದು ಗೊತ್ತಿದ್ದೂ ನಾಲ್ಕು ವರ್ಷ ನಾನು ಅದನ್ನು ನಿನ್ನ ತಲೆಗೇ ಕಟ್ಟಿ ಸುಮ್ಮನಿದ್ದೆ.

ಫೋನಿನಲ್ಲಿ ಹೇಳಬಹುದಿತ್ತು. ನಾನು ಬಾಯಿ ತೆರೆಯುತ್ತಿದ್ದ ಹಾಗೆ ನೀನು ‘ಅಯ್ಯೋ ಅದ್ಯಾಕೆ ಈಗ, ಬಿಡಕ್ಕ’ ಅನ್ನುತ್ತೀಯ. ನಾನು ಅದಕ್ಕೇ ಕಾಯುತ್ತಿದ್ದವಳ ಹಾಗೆ ಬಿಟ್ಟುಬಿಡುತ್ತೇನೆ. ಈಗಾಗಲೇ ಎರಡು ಸಲ ಹಾಗಾಗಿದೆ. ಕಾಗದದಲ್ಲಿ ನೀನು ನನ್ನನ್ನು ತಡೆಯುವಂತಿಲ್ಲ.

ಆ ದಿನವನ್ನು ನನ್ನ ಕಡೆಯಿಂದ ಹೇಳುತ್ತೇನೆ. ನಿನ್ನ ಕಡೆಯದು ನಿನಗೆ ಗೊತ್ತು. ಹೆರಿಗೆಯಾಗಿ ಎರಡು ವಾರಕ್ಕೆ ನಿನ್ನ ಎಡಗಾಲು ಬಾಳೆದಿಂಡಿನ ಹಾಗೆ ಊದಿಕೊಂಡಿತ್ತು. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು. ಐದು ದಿನ ಆಸ್ಪತ್ರೆಯಲ್ಲಿಟ್ಟು ಇಂಜೆಕ್ಷನ್ ಕೊಟ್ಟು, ಇನ್ನು ಆರು ತಿಂಗಳು ಈ ಮಾತ್ರೆ ತಪ್ಪಿಸಬೇಡಿ ಎಂದು ಮನೆಗೆ ಕಳಿಸಿದರು. ಡಬ್ಬಿಯೊಳಗಿನ ಚೀಟಿಯಲ್ಲಿ ಹಾಲೂಡಿಸುವವರು ತೆಗೆದುಕೊಳ್ಳಬಾರದು ಎಂದು ಸಣ್ಣಕ್ಷರದಲ್ಲಿ ಅಚ್ಚಾಗಿತ್ತು. ನೀನು ಗಾಬರಿಯಾದೆ. ಮನೆಯಲ್ಲೇ ಒಬ್ಬಳು ಫಾರ್ಮಸಿಸ್ಟ್ ಇರುವಾಗ ಬೇರೆ ಯಾರನ್ನು ಕೇಳಬೇಕು? ನನಗೆ ಫೋನ್ ಮಾಡಿದೆ.

ಹನ್ನೊಂದೂ ಮುಕ್ಕಾಲು. ನಮ್ಮ ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಕಂಪ್ಯೂಟರ್ ಕೈಕೊಟ್ಟು ಅರ್ಧ ಗಂಟೆಯಾಗಿತ್ತು. ಕಿಟಕಿಯಾಚೆ ನಲವತ್ತು ಜನ ಚೀಟಿ ಹಿಡಿದು ನಿಂತಿದ್ದರು. ಒಬ್ಬ ಮುದುಕರು ಗಾಜಿಗೆ ಚೀಟಿ ಅಂಟಿಸಿ ಹಿಡಿದು ‘ನಂದು ನೋಡಮ್ಮ, ನಂದು ನೋಡು’ ಅನ್ನುತ್ತಿದ್ದರು. ಫೋನನ್ನು ಭುಜಕ್ಕೂ ಕಿವಿಗೂ ಸಿಕ್ಕಿಸಿಕೊಂಡೆ.

"ಅಕ್ಕ, ಈ ಮಾತ್ರೆ ತಗೊಂಡು ಹಾಲು ಕೊಡಬಹುದಾ?" ಎಂದೆ ನೀನು.

"ಯಾವುದು, ವಾರ್ಫರಿನ್ನಾ? ಅದು ರಕ್ತ ತೆಳು ಮಾಡೋದು ಕಣೇ. ಹಾಲಲ್ಲಿ ಹೋದ್ರೆ ಮಗುಗೆ ಎಲ್ಲಾದ್ರೂ ರಕ್ತ ಸೋರುತ್ತೆ. ಹಾಲು ನಿಲ್ಸು."

"ನಿಲ್ಲಿಸಲೇಬೇಕಾ? ಈಗಷ್ಟೇ ಚೆನ್ನಾಗಿ ಕುಡಿಯೋಕೆ ಶುರು ಮಾಡಿದ್ದಾಳೆ."

"ಗುಬ್ಬಿ, ಇಲ್ಲಿ ಜನ ಕಾಯ್ತಿದ್ದಾರೆ. ಎರಡರಲ್ಲಿ ಒಂದು. ಮಾತ್ರೆ, ಇಲ್ಲ ಹಾಲು. ಇಡ್ಲಾ?"

ಇಟ್ಟೆ. ಒಂದೂವರೆ ನಿಮಿಷವೂ ಆಗಿರಲಿಲ್ಲ. ಪುಸ್ತಕ ನನ್ನ ಬೆನ್ನ ಹಿಂದಿನ ಕಪಾಟಿನಲ್ಲೇ ಇತ್ತು. ಎದ್ದು ತೆಗೆದು ನೋಡಿ ಹೇಳುವಷ್ಟು ಪುರುಸೊತ್ತಿರಲಿಲ್ಲ. ಓದಿದ ಕಾಲದ ಯಾವುದೋ ಹೆದರಿಕೆ ನಾಲಿಗೆಯ ತುದಿಯಲ್ಲಿತ್ತು, ಅದನ್ನೇ ಎಸೆದೆ. ಗೊತ್ತಿಲ್ಲ, ನೋಡಿ ಹೇಳುತ್ತೇನೆ ಅನ್ನುವುದಕ್ಕೆ ನನಗೆ ಬಾಯಿ ಬರಲಿಲ್ಲ. ನಮ್ಮ ಮನೆಯಲ್ಲಿ ನಾನು ಯಾವತ್ತೂ ಹಾಗೆ ಅಂದವಳಲ್ಲ. ನಾನು ಅಂದರೆ ಎಲ್ಲ ಗೊತ್ತಿರುವವಳು. ಅಮ್ಮನ ಮೊಣಕಾಲಿಗೆ, ಪಕ್ಕದ ಮನೆಯವರ ಕೆಮ್ಮಿಗೆ, ನಿನ್ನ ಗಂಡನ ಹೊಟ್ಟೆಯುರಿಗೆ, ಎಲ್ಲಕ್ಕೂ ನನ್ನದೇ ಮಾತು ಕೊನೆ.

ನಾನು ಹಾಲು ಬಿಡು ಎಂಬ ಅರ್ಥದಲ್ಲಿ ಹೇಳಿದೆ. ನೀನು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು ಎಂದು ಕೇಳಿಸಿಕೊಂಡೆ, ಆರಿಸಿಕೊಂಡೆ. ಕಾಲಿನ ಊತ ಇಳಿದಿತ್ತು, ನೋವಿರಲಿಲ್ಲ, ಮಗು ಎದೆಗೆ ಬಾಯಿ ಹಾಕಿದರೆ ಬಿಡುತ್ತಿರಲಿಲ್ಲ. ಯಾವ ತಾಯಿಯಾದರೂ ಅದನ್ನೇ ಆರಿಸಿಕೊಳ್ಳುತ್ತಿದ್ದಳು. ನಾನು ಹೆದರಿಸಿದ್ದು ಹಾಗಿತ್ತು. ಮಗುವಿಗೆ ರಕ್ತ ಸೋರುತ್ತದೆ ಎಂದಿದ್ದೆ. ಮಾತ್ರೆ ಬಿಟ್ಟರೆ ನಿನಗೇನಾಗುತ್ತದೆ ಎಂದು ಹೇಳಲೇ ಇಲ್ಲ.

ಒಂಬತ್ತು ದಿನದ ಮೇಲೆ ಬಟ್ಟೆ ಒಣಗಿಸುತ್ತಿದ್ದವಳು ಮಹಡಿ ಮೆಟ್ಟಿಲ ಮೇಲೆ ಕುಸಿದೆ. ಉಸಿರಾಡಲು ಆಗುತ್ತಿಲ್ಲ, ತುಟಿ ನೀಲಿಯಾಗಿದೆ ಎಂದು ನಿನ್ನ ಗಂಡ ಫೋನಿನಲ್ಲಿ ಕಿರುಚುತ್ತಿದ್ದರು. ಕಾಲಿನ ಹೆಪ್ಪು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗಿತ್ತು. ನಾನು ಬಸ್ಸು ಹತ್ತಿ ಬಂದು ತಲುಪುವಾಗ ನಿನ್ನ ಬಾಯಿಗೆ ಕೊಳವೆ ಹಾಕಿದ್ದರು. ತೀವ್ರ ನಿಗಾ ಘಟಕದ ಹೊರಗಿನ ಓಣಿಯಲ್ಲಿ ಕಬ್ಬಿಣದ ಕುರ್ಚಿಗಳ ಸಾಲಿತ್ತು, ಒಂದಕ್ಕೊಂದು ಬೆಸೆದದ್ದು. ಒಬ್ಬರು ಅಲುಗಿದರೆ ಎಲ್ಲರೂ ಅಲುಗಬೇಕು. ಅದರಲ್ಲಿ ಅಮ್ಮ, ನಿನ್ನ ಅತ್ತೆ, ನಿನ್ನ ಗಂಡ ಕೂತಿದ್ದರು. ನಿನ್ನ ಅತ್ತೆಯ ಕೈಯಲ್ಲಿ ಮಾತ್ರೆಯ ಹಾಳೆಯಿತ್ತು. ಮಗುವಿನ ಬಟ್ಟೆಯ ಕಪಾಟಿನಲ್ಲಿ, ಬಟ್ಟೆಗಳ ಕೆಳಗೆ ಬಚ್ಚಿಟ್ಟದ್ದು ಅವರಿಗೆ ಸಿಕ್ಕಿತ್ತು. ಒಡೆದದ್ದು ನಾಲ್ಕೇ ನಾಲ್ಕು.

"ನೋಡಮ್ಮ ನಿನ್ನ ತಂಗಿ ಮಾಡಿದ್ದು. ನೀನು ಅಷ್ಟು ಹೇಳಿದ್ಯಂತೆ, ಹಾಲು ಬಿಡಿಸು ಅಂತ. ಕೇಳಿದ್ಲಾ?" ಎಂದರು.

ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು "ಅವಳದ್ದು ಮೊದಲಿಂದ್ಲೂ ಹಟವೇ" ಎಂದಳು. ಮೂವರೂ ನನ್ನ ಮುಖ ನೋಡಿದರು.

ನಾನು ಹೇಳಿದ್ದು ಎರಡೇ ಪದ. "ನಾನು ಹೇಳಿದ್ದೆ."

ಎರಡೂ ನಿಜ. ನನ್ನ ಬದುಕಿನಲ್ಲಿ ನಾನು ಹೇಳಿದ ಅತ್ಯಂತ ದೊಡ್ಡ ಸುಳ್ಳು ಅದು.

ಮಾರನೆಯ ದಿನ ಬೆಳಿಗ್ಗೆ ಓಣಿಯಲ್ಲಿ ನಾನೊಬ್ಬಳೇ ಇದ್ದೆ. ಅಮ್ಮ ಮತ್ತು ನಿನ್ನ ಅತ್ತೆ ಮಗು ನೋಡಿಕೊಳ್ಳಲು ಮನೆಗೆ ಹೋಗಿದ್ದರು. ನಿನ್ನ ಗಂಡ ರಕ್ತಪರೀಕ್ಷೆಯ ವರದಿ ತರಲು ಕೆಳಗಿಳಿದಿದ್ದರು. ಆಗ ಆ ಆಸ್ಪತ್ರೆಯ ಫಾರ್ಮಸಿಸ್ಟ್ ಬಂದರು. ದಪ್ಪ ಗಾಜಿನ ಕನ್ನಡಕ, ಜೇಬಿನಲ್ಲಿ ನಾಲ್ಕು ಬಣ್ಣದ ಪೆನ್ನು. ಸಿಸ್ಟರ್‌ಗಳೆಲ್ಲ ಅವರ ಬೆನ್ನ ಹಿಂದೆ ಸೋಡಾಬುಡ್ಡಿ ಸಾರ್ ಎನ್ನುತ್ತಿದ್ದರು. ಅವರು ನಿನ್ನ ಹೆಸರು, ಹಾಸಿಗೆಯ ಸಂಖ್ಯೆ ಹೇಳಿ, ನೀವು ಅವರಿಗೇನಾಗಬೇಕು ಎಂದು ಕೇಳಿ, ನನ್ನ ಪಕ್ಕದ ಕುರ್ಚಿಯಲ್ಲೇ ಕೂತರು.

"ಮಗು ಎದೆಹಾಲು ಕುಡೀತಿತ್ತಾ?"

"ಹೂಂ."

"ಹಾಗಾದ್ರೆ ಮೂರು ಗಂಟೆಗೊಮ್ಮೆ ಹಾಲು ತೆಗೀಬೇಕಮ್ಮ. ಇಲ್ಲಾಂದ್ರೆ ಬತ್ತಿಹೋಗುತ್ತೆ, ಎದೆ ಗಡ್ಡೆ ಕಟ್ಟಿ ಜ್ವರ ಬೇರೆ ಬರುತ್ತೆ. ಈಗ ಕೊಡ್ತಿರೋ ಔಷಧಿ ಒಂದೊಂದಾಗಿ ನೋಡಿದೀನಿ. ನಿದ್ದೆಗೆ ಹಾಕಿರೋ ಒಂದರ ಬಗ್ಗೆ ಮಾತ್ರ ನನಗೆ ಸಮಾಧಾನ ಇಲ್ಲ. ಅದು ನಿಲ್ಲೋ ತನಕ ತೆಗೆದದ್ದನ್ನ ಚೆಲ್ಲಿಬಿಡೋಣ. ಆಮೇಲೆ ಮಗುಗೆ ಕೊಡಬಹುದು. ಸ್ಕ್ಯಾನಿಗೆ ಹಾಕಿದ ಬಣ್ಣಕ್ಕೂ ಹೆದರಬೇಕಾಗಿಲ್ಲ." ಆಮೇಲೆ ಕೇಳಿದರು. "ಮಾತ್ರೆ ಯಾಕೆ ಬಿಟ್ಟಿದ್ರು?"

"ಹಾಲು ಕೊಡಬೇಕು ಅಂತ."

"ಅಯ್ಯೋ! ಎರಡೂ ಒಟ್ಟಿಗೆ ಆಗ್ತಿತ್ತಲ್ಲಮ್ಮ. ಆ ಮಾತ್ರೆ ಹಾಲಿಗೆ ಹೋಗೋದು ಇಲ್ಲವೇ ಇಲ್ಲ ಅನ್ನೋಷ್ಟು ಕಡಿಮೆ. ಹುಟ್ಟಿದಾಗ ಮಗುಗೆ ವಿಟಮಿನ್ ಕೆ ಸೂಜಿ ಹಾಕಿದ್ದಾರಾ ಅಂತ ನೋಡ್ಕೊಂಡು, ಮೈಮೇಲೆ ಕಂದು ಕಲೆ ಏನಾದ್ರೂ ಏಳುತ್ತಾ ಅಂತ ಗಮನ ಇಟ್ಟಿದ್ರೆ ಸಾಕಿತ್ತು. ಯಾರಮ್ಮ ಬೇಡ ಅಂದಿದ್ದು ಅವರಿಗೆ?"

ಆಗ ನನಗೆ ನಾನು ಏನು ಮಾಡಿದ್ದೇನೆ ಎಂದು ಗೊತ್ತಾಯಿತು. ಅವರು ನನ್ನನ್ನೇ ನೋಡುತ್ತಿದ್ದರು. ನಾನೂ ಫಾರ್ಮಸಿಸ್ಟೇ ಎಂದು ಹೇಳಲಿಲ್ಲ.

"ಯಾರೋ ಔಷಧಿ ಅಂಗಡಿಯವರು ಇರಬೇಕು" ಎಂದೆ.

ಅವರು ತಲೆ ಅಲ್ಲಾಡಿಸಿದರು. "ನಮ್ಮವರೇ ಹೀಗೆ ಬಾಯಿಗೆ ಬಂದದ್ದು ಹೇಳಿದ್ರೆ ಹೇಗಮ್ಮ" ಎಂದು, ಹಾಲು ತೆಗೆಯುವ ವಿಷಯವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ನನ್ನ ಕೈಗಿತ್ತರು. ಅವರ ಅಕ್ಷರ ದುಂಡಗಿತ್ತು. ಗಂಡನಿಗೂ ತೋರಿಸಿ, ಎಚ್ಚರವಾದ ಮೇಲೆ ಅವರಿಗೂ ತೋರಿಸಿ, ನಾನು ಮತ್ತೆ ಬರುತ್ತೇನೆ ಎಂದು ಹೋದರು.

ಇಲ್ಲಿಯವರೆಗಿನದನ್ನು ನೀನು ಕ್ಷಮಿಸಬಹುದೇನೋ. ನೂಕುನುಗ್ಗಲಿನಲ್ಲಿ ಬಾಯಿತಪ್ಪಿತು, ಹೆದರಿಕೆಯಲ್ಲಿ ಸುಳ್ಳು ಬಂತು ಎನ್ನಬಹುದು. ಮುಂದಿನದನ್ನು ನಾನು ಯೋಚಿಸಿ ಮಾಡಿದೆ.

ಆ ಹಾಳೆಯನ್ನು ನಿನ್ನ ಗಂಡನಿಗೆ ತೋರಿಸಿದರೆ ಅವರು ಕೇಳುತ್ತಿದ್ದರು, ಹಾಗಾದರೆ ನೀವು ಯಾಕೆ ಬೇಡ ಅಂದಿರಿ ಎಂದು. ಅದೊಂದು ಪ್ರಶ್ನೆ ನನಗೆ ಬೇಡವಾಗಿತ್ತು. ನಾಲ್ಕು ಮಡಿಕೆ ಮಾಡಿ ಓಣಿಯ ಕೊನೆಯ ಹಳದಿ ಬುಟ್ಟಿಗೆ ಹಾಕಿದೆ. ಮಧ್ಯಾಹ್ನ ಸಿಸ್ಟರ್ ಪಂಪು ಹಿಡಿದು ಬಂದು "ಹಾಲು ತೆಗೀಲಾ? ಮನೆಯವರು ಏನಂತೀರಾ?" ಎಂದಾಗ ನಾನೇ ಮುಂದೆ ಹೋಗಿ "ಬೇಡ ಸಿಸ್ಟರ್, ಅವಳಿಗೆ ಹಿಂಸೆ ಮಾಡಬೇಡಿ. ಮೊದಲು ಬದುಕಲಿ" ಎಂದೆ. ಹಾಗೆ ಹೇಳುವಾಗ ನನ್ನ ಕಣ್ಣಲ್ಲಿ ನೀರಿತ್ತು. ಅಕ್ಕ ಅಂದರೆ ಹೀಗಿರಬೇಕು ಎಂದು ನಿನ್ನ ಗಂಡ ಆಮೇಲೆ ಯಾರಿಗೋ ಹೇಳುತ್ತಿದ್ದುದು ಕಿವಿಗೆ ಬಿತ್ತು.

ನಿನ್ನ ಎದೆ ಎರಡು ದಿನ ಕಲ್ಲಿನಂತಾಗಿತ್ತು. ಹೊದಿಕೆಯ ಮೇಲೆ ಎರಡು ಒದ್ದೆ ಗುರುತು ಮೂಡುತ್ತಿದ್ದವು. ನಾನೇ ಬಟ್ಟೆ ಇಟ್ಟು ಒರೆಸಿದ್ದೇನೆ. ಐದನೆಯ ದಿನ ಒರೆಸುವುದಕ್ಕೆ ಏನೂ ಇರಲಿಲ್ಲ.

ಆರನೆಯ ದಿನ ಕೊಳವೆ ತೆಗೆದರು. ನಿನಗೆ ದನಿ ಸರಿಯಾಗಿ ಬರುತ್ತಿರಲಿಲ್ಲ. ಮೊದಲು ಕೈಯನ್ನು ಎದೆಯ ಮೇಲೆ ಇಟ್ಟುಕೊಂಡೆ, ಆಮೇಲೆ ನನ್ನನ್ನು ನೋಡಿದೆ.

"ಅಕ್ಕ, ಹಾಲು?"

"ನಿಂತೋಯ್ತು ಕಣೇ. ಇರಲಿ ಬಿಡು. ನೀನು ಉಳಿದ್ಯಲ್ಲ."

ನೀನು ಅಳಲಿಲ್ಲ. ಮೇಲಿನ ಫ್ಯಾನು ನೋಡುತ್ತ "ತಪ್ಪು ನಂದೇ. ನಿನ್ನ ಮಾತು ಕೇಳಬೇಕಿತ್ತು" ಎಂದೆ. ನಾನು ನಿನ್ನ ತಲೆ ನೇವರಿಸಿದೆ. ಹೌದು ಅನ್ನಲಿಲ್ಲ, ಅಲ್ಲ ಅನ್ನಲೂ ಇಲ್ಲ.

ಸೋಡಾಬುಡ್ಡಿ ಸಾರ್ ಹೇಳಿದ ಹಾಗೇ ಮತ್ತೆ ಬಂದಿದ್ದರು, ನಿನ್ನನ್ನು ವಾರ್ಡಿಗೆ ಹಾಕಿದ ದಿನ. ನಾನು ಬಾಗಿಲಲ್ಲೇ ಅವರನ್ನು ನಿಲ್ಲಿಸಿದೆ. ಹಾಲು ನಿಂತಿದೆ ಎಂದಾಗ ಅವರು "ಮತ್ತೆ ಬರಿಸಬಹುದಮ್ಮ. ಮಗೂನ ಪದೇ ಪದೇ ಎದೆಗೆ ಹಾಕಿಸಿ. ಕಷ್ಟ, ಆದ್ರೆ ಆಗುತ್ತೆ. ಒಂದ್ಸಲ ಅವರ ಹತ್ರಾನೇ ಮಾತಾಡ್ಲಾ?" ಎಂದರು. ಅವಳಿಗೆ ಇಷ್ಟವಿಲ್ಲ ಸಾರ್ ಎಂದೆ. ನೀನು ಒಳಗೆ, ಹದಿನೈದು ಹೆಜ್ಜೆ ದೂರದಲ್ಲಿ, ಗುಂಡಮ್ಮನಿಗೆ ಬಾಟಲಿಯಲ್ಲಿ ಹಾಲು ಕುಡಿಸಲು ಕಲಿಯುತ್ತಿದ್ದೆ. ಅವಳು ರಬ್ಬರನ್ನು ಉಗುಳಿ ಉಗುಳಿ ನಿನ್ನ ಅಂಗಿಯ ಗುಂಡಿ ಹುಡುಕುತ್ತಿದ್ದಳು.

ಆಮೇಲೆ ಏನೇನಾಯಿತು ಎಂಬುದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಹೆತ್ತ ಮಗುವನ್ನು ತಬ್ಬಲಿ ಮಾಡಲು ಹೊರಟವಳು ಎಂದು ಅಮ್ಮ ಎಲ್ಲರೆದುರು ಅಂದಳು. ನಿನ್ನ ಅತ್ತೆ ಆರು ತಿಂಗಳು ತಮ್ಮ ಕೈಯಾರೆ ಮಾತ್ರೆ ಕೊಟ್ಟು, ನುಂಗಿದ ಮೇಲೆ ‘ಎಲ್ಲಿ, ಬಾಯಿ ತೆರಿ’ ಎಂದು ನೋಡುತ್ತಿದ್ದರು. ನೀನು ಅದನ್ನು ನನಗೆ ಹೇಳುವಾಗ ನಗುತ್ತ ಹೇಳಿದ್ದೆ, ಸರ್ಕಸ್ಸಿನ ಸಿಂಹದ ಹಾಗೆ ಬಾಯಿ ತೆರೆಯುತ್ತೇನೆ ಅಕ್ಕ ಎಂದು. ನಾನೂ ನಕ್ಕೆ. ಇವತ್ತಿಗೂ ಗುಂಡಮ್ಮನಿಗೆ ಜ್ವರ ಬಂದರೆ ಔಷಧಿಯ ಚಮಚ ನಿನ್ನ ಕೈಗೆ ಕೊಡುವುದಿಲ್ಲ ಅವರು.

ಇಲ್ಲಿ ನನ್ನ ಕಥೆಯೇ ಬೇರೆ. ನಿನ್ನನ್ನು ನೋಡಿ ಬಂದ ಮೇಲೆ ಹಾಲೂಡಿಸುವ ತಾಯಂದಿರ ಚೀಟಿ ಬಂದರೆ ನಾನು ಪುಸ್ತಕ ತೆಗೆಯದೆ ಉಸಿರೆತ್ತುತ್ತಿರಲಿಲ್ಲ. ಈ ವಿಷಯವನ್ನೇ ಒಂದು ವರ್ಷ ಹೆಚ್ಚಿಗೆ ಓದಿಕೊಂಡೆ. ಕೌಂಟರಿನ ಪಕ್ಕ ಒಂದು ಮೇಜು, ಎರಡು ಕುರ್ಚಿ, ಒಂದು ಪರದೆ ಹಾಕಿಕೊಟ್ಟರು. ಕ್ಯಾನ್ಸರಿನವರು, ಫಿಟ್ಸಿನವರು, ಕಿಡ್ನಿಯವರು, ಹೆರಿಗೆಯಾದ ಮೇಲೆ ಮನಸ್ಸು ಕೆಟ್ಟವರು ಮಗು ಎತ್ತಿಕೊಂಡು ಬಂದು ಕೂರುತ್ತಾರೆ. ಎಲ್ಲ ಔಷಧಿಗೂ ಸರಿ ಅನ್ನಲು ಬರುವುದಿಲ್ಲ. ಕೆಲವಕ್ಕೆ ಹಾಲು ನಿಲ್ಲಿಸಲೇಬೇಕು; ಅಂಥವರ ಜೊತೆ ಕೂತು ಅತ್ತಿದ್ದೇನೆ. ಹೆಚ್ಚಿನವಕ್ಕೆ ಏನಾದರೂ ದಾರಿ ಇರುತ್ತದೆ. ಹೊತ್ತು ನೋಡಿ ತೆಗೆದುಕೊಳ್ಳುವುದು, ಔಷಧಿ ಬದಲಿಸಲು ಡಾಕ್ಟರನ್ನು ಕೇಳುವುದು, ಸ್ವಲ್ಪ ದಿನ ತೆಗೆದು ಚೆಲ್ಲುವುದು. ‘ನನ್ನ ತಪ್ಪಿನಿಂದ ನಮ್ಮಕ್ಕ ಎಷ್ಟು ಜನರಿಗೆ ಉಪಕಾರ ಮಾಡ್ತಿದ್ದಾಳೆ ನೋಡಿ’ ಎಂದು ನೀನು ಎಲ್ಲರಿಗೂ ಹೇಳುತ್ತೀಯಂತೆ. ಅಮ್ಮನೇ ಹೇಳಿದಳು.

ಗುರುವಾರ ಒಬ್ಬಳು ಟೈಲರ್ ಬಂದಿದ್ದಳು. ಮೂರು ತಿಂಗಳ ಕೂಸು, ಅವಳಿಗೆ ಕ್ಷಯ. ಹಾಲು ಬಿಡಿಸಿ ಮಗುವನ್ನು ಬೇರೆ ಮನೆಗೆ ಕಳಿಸು ಎಂದು ಮನೆಯವರ ಒತ್ತಾಯ. ಅವಳು ಸೂಜಿ ಚುಚ್ಚದಿರಲೆಂದು ಬೆರಳಿಗೆ ಹಾಕಿದ ತಗಡಿನ ಟೋಪಿಯನ್ನೂ ತೆಗೆಯದೆ ಓಡಿ ಬಂದಿದ್ದಳು. ಅವಳ ಒಂದೊಂದು ಮಾತ್ರೆಯನ್ನೂ ಮೇಜಿನ ಮೇಲಿಟ್ಟು, ಇದು ಹಾಲಿಗೆ ಇಷ್ಟೇ ಹೋಗುತ್ತದೆ, ಇದರಿಂದ ಮಗುವಿಗೆ ತೊಂದರೆಯಿಲ್ಲ, ಡಾಕ್ಟರು ಸೋಂಕು ಹರಡುವುದಿಲ್ಲ ಎನ್ನುವ ತನಕ ಮುಖಕ್ಕೆ ಮಾಸ್ಕ್ ಕಟ್ಟಿಕೊ, ಮಗುವಿಗೂ ತಡೆಯುವ ಔಷಧಿ ಇದೆ, ಮಕ್ಕಳ ಡಾಕ್ಟರನ್ನು ಇವತ್ತೇ ಕಾಣು, ಒಂದು ದಿನವೂ ಮಾತ್ರೆ ತಪ್ಪಿಸಬೇಡ ಎಂದು ಮುಕ್ಕಾಲು ಗಂಟೆ ಹೇಳಿದೆ. ಎಲ್ಲ ಕೇಳಿ ಅವಳು ಎದ್ದು ನಿಂತಳು. ಹೋಗಲಿಲ್ಲ.

"ಮೇಡಂ, ಬೇಜಾರು ಮಾಡ್ಕೋಬೇಡಿ. ನಿಮ್ಮ ಒಡಹುಟ್ಟಿದ ತಂಗಿ ಬಂದು ಕೇಳಿದ್ರೂ ಇದನ್ನೇ ಹೇಳ್ತಿದ್ರಾ?"

"ಹೂಂ ಕಣಮ್ಮ. ಇದನ್ನೇ ಹೇಳ್ತಿದ್ದೆ."

ಅವಳು ಕೈ ಮುಗಿದು ಹೋದಳು. ನಾನು ಉಗ್ರಾಣದೊಳಗೆ ಹೋಗಿ ಸಲೈನ್ ಪೆಟ್ಟಿಗೆಗಳ ಮೇಲೆ ಕೂತುಬಿಟ್ಟೆ. ಸಂಜೆ ಮನೆಗೆ ಬಂದರೆ ನಿನ್ನ ಕಾಗದ ಬಂದಿತ್ತು. ಯಾವ ಡಬ್ಬ ಒಳ್ಳೇದು ಅಕ್ಕ.

ಅದಕ್ಕೇ ಈಗ ಸರಿಯಾಗಿ ಹೇಳುತ್ತೇನೆ, ಕೇಳು. ಈ ಬಸಿರಿನಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು ನೀನು ಈಗ ದಿನಾ ಹೊಟ್ಟೆಗೆ ಚುಚ್ಚಿಕೊಳ್ಳುತ್ತಿರುವ ಇಂಜೆಕ್ಷನ್ ಹೆರಿಗೆಯಾದ ಮೇಲೆ ಮುಂದುವರಿದರೂ ಹಾಲೂಡಿಸಬಹುದು. ಆಮೇಲೆ ಆ ಹಳೆಯ ಮಾತ್ರೆಗೇ ಬದಲಿಸಿದರೂ ಹಾಲೂಡಿಸಬಹುದು. ಬೇರೆ ಹೊಸ ಮಾತ್ರೆ ಕೊಟ್ಟರೆ ಮಾತ್ರ ಮೊದಲು ಕೇಳು, ಎಲ್ಲವೂ ಒಂದೇ ಅಲ್ಲ. ಹುಟ್ಟಿದ ಕೂಡಲೇ ಮಗುವಿಗೆ ವಿಟಮಿನ್ ಕೆ ಹಾಕಿಸು. ಏನೇ ಆಗಲಿ, ಯಾರೇ ಏನೇ ಹೆದರಿಸಲಿ, ಡಾಕ್ಟರು ನಿಲ್ಲಿಸು ಎನ್ನುವ ತನಕ ನಿನ್ನ ಔಷಧಿ ನಿಲ್ಲಿಸಬೇಡ. ಇದನ್ನು ನಾನು ಹೇಳಿದೆ ಎಂದು ನಂಬಬೇಡ. ನಿನ್ನ ಡಾಕ್ಟರನ್ನು ಕೇಳು, ಅಲ್ಲಿನ ಫಾರ್ಮಸಿಸ್ಟನ್ನು ಕೇಳು, ಅವರ ಕೈಯಲ್ಲಿ ಬರೆಸಿ ಇಟ್ಟುಕೊ.

ಇನ್ನೊಂದು. ಈ ಕಾಗದವನ್ನು ನಿನ್ನ ಗಂಡನಿಗೂ ಅತ್ತೆಗೂ ಓದಿ ಹೇಳು. ಅವರಿಗೆ ನಾನೇ ಫೋನ್ ಮಾಡಿಯೂ ಹೇಳುತ್ತೇನೆ, ಆದರೆ ನನ್ನ ಮಾತಿನ ಜಾಣತನ ನಿನಗೆ ಗೊತ್ತಲ್ಲ. ಬರೆದದ್ದು ನಿನ್ನ ಹತ್ತಿರ ಇರಲಿ. ಅಮ್ಮನಿಗೆ ಇವತ್ತು ಬೆಳಿಗ್ಗೆ ಹೇಳಿದೆ. ಅವಳು ಹಿಟ್ಟು ನಾದುತ್ತಿದ್ದಳು. ನಾನು ಮುಗಿಸುವ ತನಕ ನಾದುತ್ತಲೇ ಇದ್ದಳು. ಕೈ ತೊಳೆದುಕೊಂಡು "ಅವಳಿಗೆ ನಾನು ಏನೇನಂದೆ ಅಂತ ನಿಂಗೆ ನೆನಪಿದ್ಯಾ?" ಎಂದು ಕೇಳಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಇನ್ನೂ ತೆಗೆದಿಲ್ಲ.

ಹೆರಿಗೆಗೆ ಬರಲೇ ಎಂದು ಕೇಳುವ ಮುಖ ನನಗಿಲ್ಲ. ಬಾ ಎಂದರೆ ಬರುತ್ತೇನೆ. ಬೇಡ ಎಂದರೆ ಯಾಕೆ ಎಂದು ಕೇಳುವುದಿಲ್ಲ. ನೀನು ಬಯ್ದು ಒಂದು ಕಾಗದ ಬರೆದರೆ ಒಳ್ಳೆಯದು. ಬಿಡಕ್ಕ ಎಂದು ಮಾತ್ರ ಬರೆಯಬೇಡ.

ಗುಂಡಮ್ಮನ ಹಣೆಗೆ ಒಂದು ಮುತ್ತು.

ಇಷ್ಟು ದಿನ ನಿನ್ನ ಮುಂದೆ ತಲೆಯೆತ್ತಿ ಓಡಾಡಿದ,
ನಿನ್ನ ಅಕ್ಕ

ಸಹಿ ಹಾಕಿದ ಮೇಲೆ: ಲಕೋಟೆ ಅಂಟಿಸಿದ್ದೆ, ಮತ್ತೆ ಒಡೆದೆ. ಪುಸ್ತಕ ನೋಡಲು ಪುರುಸೊತ್ತಿರಲಿಲ್ಲ ಎಂದು ಮೇಲೆ ಬರೆದಿದ್ದೇನೆ, ಆಸ್ಪತ್ರೆಯ ಓಣಿಯಲ್ಲಿ ಮೊದಲ ಸಲ ಗೊತ್ತಾಯಿತು ಎಂಬ ಹಾಗೆ ಬರೆದಿದ್ದೇನೆ. ಇಷ್ಟೆಲ್ಲ ಒಪ್ಪಿಕೊಳ್ಳುವಾಗಲೂ ಅದೊಂದನ್ನು ಉಳಿಸಿಕೊಳ್ಳಲು ನೋಡಿದೆ. ನೀನು ಫೋನ್ ಮಾಡಿದ ದಿನವೇ ಮಧ್ಯಾಹ್ನ ಎರಡೂವರೆಗೆ, ಊಟ ಮುಗಿಸಿ ಬಂದು, ಮನಸ್ಸು ತಡೆಯದೆ ಪುಸ್ತಕ ತೆಗೆದಿದ್ದೆ. ಎರಡೇ ಸಾಲು ಇತ್ತು. ಹಾಲೂಡಿಸಬಹುದು ಎಂದಿತ್ತು. ಫೋನ್ ಕೈಗೆತ್ತಿಕೊಂಡೆ. ಬೆಳಿಗ್ಗೆ ಅಷ್ಟು ಜೋರಾಗಿ ಹೇಳಿ ಈಗ ತಪ್ಪಾಯಿತು ಎನ್ನುವುದು ಹೇಗೆ, ಪುಡಿ ಹಾಲು ಕುಡಿದರೆ ಮಗುವಿಗೇನು ನಷ್ಟ, ನಾಳೆ ಹೇಳಿದರಾಯಿತು ಎಂದು ಕೆಳಗಿಟ್ಟೆ. ನನಗೆ ಒಂಬತ್ತು ದಿನ ಇತ್ತು ಗುಬ್ಬಿ. ಮೂರನೆಯ ದಿನ ನೀನೇ ಎರಡು ಸಲ ಫೋನ್ ಮಾಡಿದ್ದೆ. ನಿನ್ನ ಹೆಸರು ಕಂಡೇ ನಾನು ಎತ್ತಲಿಲ್ಲ.